ಒಂದು ಕೋಟ್ ಪೈಂಟ್‌ನಿಂದ ಮುಗಿಯುವ ಕೆಲಸವಲ್ಲ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಈ 61 ದಿನ ನಮ್ಮ ಕರಾವಳಿಯ ದಕ್ಕೆಗಳಲ್ಲಿ ರಿಪೇರಿಯದ್ದೇ ಗಡಿಬಿಡಿ. ಇಂಜಿನ್, ಬಲೆ, ಹೊರಮೈ ಎಲ್ಲದಕ್ಕೂ ಹಣ ಹೊಂದಿಸುತ್ತಾರೆ. ಕೈ ಖಾಲಿಯಾಗುವ ಹೊತ್ತಿಗೆ ಕ್ಯಾಬಿನ್ ಒಳಗಿನ ಮರದ ಕೆಲಸ ನೆನಪಾಗುತ್ತದೆ. "ಅದಕ್ಕೊಂದು ಕೋಟ್ ಪೈಂಟ್ ಹೊಡೆದು ಬಿಡಿ" ಅಂತ ಹೇಳಿ ಮುಗಿಸುತ್ತೇವೆ.

ಆ ಒಂದು ಕೋಟ್‌ನ ಬಗ್ಗೆಯೇ ನಮಗೆ ತಕರಾರು.

ಪರಿಚಯದವರೊಬ್ಬರು ಹಳೆಯ ಮರದ ಬೋಟ್ ಖರೀದಿಸಿದ್ದರು. ಒಳಗೆಲ್ಲ ಹೊಸ ಮೈಕಾ ಶೀಟ್, ಲಕಲಕ ಹೊಳೆಯುತ್ತಿತ್ತು. ಶೀಟ್ ತೆಗೆದರೆ ಹಿಂದಿನ ಹಲಗೆ ಬೆರಳಿಗೆ ಪುಡಿಯಾಗುತ್ತಿತ್ತು. ಬೋಟಿನ ಪಕ್ಕೆಲುಬಿನಂತಿರುವ ಮರದ ತುದಿಗೂ ಅದೇ ಗತಿ. ಮಾರಿದವರಿಗೆ ಇದು ಗೊತ್ತಿರಲಿಲ್ಲವೇ? ದೋಷ ಮುಚ್ಚಿ ಮಾರುವುದಕ್ಕೆ ವ್ಯಾಪಾರ ಅನ್ನುವುದಿಲ್ಲ.

ಮರದ ಬೋಟಿನ ಒಳಭಾಗಕ್ಕೆ ಉಪ್ಪುನೀರಿಗಿಂತ ಮಳೆನೀರು ದೊಡ್ಡ ಶತ್ರು. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ, ಸಿಹಿನೀರು ಅದನ್ನು ಬೆಳೆಸುತ್ತದೆ. ಡೆಕ್ಕಿನ ಸಂದು, ಕಿಟಕಿಯ ಮೂಲೆಯಿಂದ ಇಳಿದ ಹನಿ ಗಾಳಿಯಾಡದ ಕಡೆ ನಿಂತು ಮರವನ್ನು ತಿನ್ನುತ್ತದೆ. ಒದ್ದೆ ಮರದ ಮೇಲೆ ಪೈಂಟ್ ಹೊಡೆದರೆ ಆ ನೀರನ್ನು ಒಳಗೇ ಬೀಗ ಹಾಕಿ ಇಟ್ಟಂತೆ.

ನಮ್ಮ ಕಷ್ಟ ಇರುವುದೂ ಇಲ್ಲೇ. ರಿಪೇರಿಗೆ ಸಿಗುವ ಎರಡು ತಿಂಗಳೇ ಇಡೀ ವರ್ಷದ ಜೋರು ಮಳೆಯ ತಿಂಗಳು. ಹಾಗಾಗಿ ಒಳಗಿನ ಹಲಗೆ ಮೊದಲ ವಾರವೇ ಬಿಚ್ಚಿ, ಕೊನೆಯ ವಾರ ಮುಚ್ಚಿ. ಬಿಚ್ಚುವ ಮುಂಚೆ ಪ್ರತಿ ಹಲಗೆಗೆ ಚಾಕ್‌ನಿಂದ ನಂಬರ್ ಹಾಕಿ. ಎರಡೂ ತುದಿ ತೆರೆದಿರುವ ಹಾಗೆ ಮೇಲೆ ಟಾರ್ಪಾಲು ಕಟ್ಟಿ, ಗಾಳಿ ಹರಿಯಲಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಗಟ್ಟಿ ಮರ ಸಿಗುವ ತನಕ ಕತ್ತರಿಸಲೇಬೇಕು, ಪುಟ್ಟಿ ತುಂಬಿಸಿ ಪ್ರಯೋಜನವಿಲ್ಲ. ಜೋಡಿಸುವಾಗ ನೇರ ಕಡಿತ ಬೇಡ. ಹಲಗೆಯ ದಪ್ಪದ ಎಂಟು ಪಟ್ಟು ಉದ್ದಕ್ಕೆ ಓರೆಯಾಗಿ ಕತ್ತರಿಸಿ ಕೂಡಿಸಿದರೆ ಬಲ ಬರುತ್ತದೆ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಗಮ್ ಹಚ್ಚುವ ಮುಂಚೆ ಥಿನ್ನರ್‌ನಲ್ಲಿ ಒರೆಸಬೇಕು. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಹಾಳು ಮಾಡುತ್ತದೆ, ಹಿತ್ತಾಳೆಯ ಸ್ಕ್ರೂ ಆಗಬಹುದು. ಪ್ಲೈವುಡ್ ಹಾಕುವುದೇ ಆದರೆ ಐಎಸ್ 710 ಗುರುತಿನ ಮೆರೈನ್ ಪ್ಲೈ ಕೇಳಿ ತನ್ನಿ.

ಹಳೆಯ ತೇಗ, ಹೆಬ್ಬಲಸಿನ ಹಲಗೆ ಗಟ್ಟಿಯಿದ್ದರೆ ದಯವಿಟ್ಟು ಸೌದೆಗೆ ಹಾಕಬೇಡಿ. ಕೆರೆದು, ಉಜ್ಜಿ ಮತ್ತೆ ಕೂರಿಸಿದರೆ ಹೊಸ ಪ್ಲೈಗಿಂತ ಎಷ್ಟೋ ವರ್ಷ ಜಾಸ್ತಿ ಬಾಳುತ್ತದೆ. ಇದಕ್ಕೆ ಆಚಾರಿಗಳಿಗೆ ಎರಡು ದಿನದ ಮಜೂರಿ ಹೆಚ್ಚು ಬೀಳಬಹುದು, ಕೊಡೋಣ. ಕೆಲಸ ಕಲಿಯಲು ಅವರ ಜೊತೆ ಒಬ್ಬ ಹುಡುಗನನ್ನೂ ನಿಲ್ಲಿಸೋಣ. ಫೈಬರ್, ಸ್ಟೀಲ್ ಬೋಟುಗಳು ಬಂದ ಮೇಲೆ ಮರದ ಕೆಲಸ ಬಲ್ಲ ಕೈಗಳು ಕಡಿಮೆಯಾಗುತ್ತಿವೆ.

ಆ ಕ್ಯಾಬಿನ್‌ನಲ್ಲಿ ರಾತ್ರಿ ಮಲಗುವವರು ಮಾಲಕರಲ್ಲ, ತಾಂಡೇಲರು ಮತ್ತು ಕಲಾಸಿಗಳು. ಅವರ ತಲೆ ಹತ್ತಿರದ ಹಲಗೆ ಗಟ್ಟಿ ಇದೆಯೋ ಇಲ್ಲವೋ ಎಂದು ದಡದಲ್ಲಿರುವ ನಾವು ನೋಡಬೇಕು. ಆಗಸ್ಟ್‌ನಲ್ಲಿ ಬೋಟ್ ನೀರಿಗಿಳಿದ ಮೇಲೆ ನೋಡಿ ಏನು ಫಲ?