ಕುಡಿಕೆ ಹೊನ್ನು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬುದು ನಮ್ಮ ಹಿರಿಯರ ಮಾತು. ಅದು ಸೋಮಾರಿಗೆ ಹೇಳಿದ ಬುದ್ಧಿವಾದ. ದುಡಿಯುವ ಕೈಗಳನ್ನೇ ಕಟ್ಟಿ ಕೂರಿಸುವ ಕಾಲವೊಂದು ಬಂದೀತೆಂದು ಅವರು ಎಣಿಸಿರಲಾರರು. ಕೊರೋನಾ ಸಾಂಕ್ರಾಮಿಕದ ಭಯದಿಂದ 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಕುಡಿಕೆಯಲ್ಲಿ ಹೊನ್ನಿಲ್ಲದವರೂ ಕೂತು ಉಣ್ಣಬೇಕಾಯಿತು.

ಕುಮಟೆಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಮೇಲಿನ ಹಿರೇಗುತ್ತಿಯ ಸೀಮೆಯನ್ನೇ ನೆನೆಯೋಣ. ಇಲ್ಲಿಯ ಸಂಸಾರಗಳು ಒಂದೇ ಆದಾಯವನ್ನು ನಂಬಿದವಲ್ಲ. ಗಜನಿಯ ಬತ್ತ, ಹೊಳೆಯ ಮೀನು, ಗೋಕರ್ಣದ ಯಾತ್ರಿಕರಿಂದ ಸಿಗುವ ನಾಲ್ಕು ಕಾಸು, ಗೋವೆಯಲ್ಲಿ ದುಡಿಯುವ ಮಗ ಕಳುಹಿಸುವ ಹಣ: ಒಂದು ಸೋತರೆ ಇನ್ನೊಂದು ಕೈಹಿಡಿಯುವಂತೆ ಕಟ್ಟಿಕೊಂಡ ಬದುಕು ಇದು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಗದ್ದೆಗೆ ನುಗ್ಗಿದಾಗಲೂ ಗೋವೆಯ ದಾರಿ ತೆರೆದೇ ಇತ್ತು. ಸಾಂಕ್ರಾಮಿಕವಾದರೋ ಎಲ್ಲ ದಾರಿಗಳನ್ನೂ ಒಮ್ಮೆಗೇ ಮುಚ್ಚಿತು. ಹಣ ಕಳುಹಿಸಬೇಕಾದ ಮಗನೇ ಕೆಲಸ ಕಳೆದುಕೊಂಡು ಮನೆಗೆ ಮರಳಿದ.

ಸರಕಾರ ಸುಮ್ಮನಿರಲಿಲ್ಲವೆಂಬುದನ್ನು ಒಪ್ಪಬೇಕು. 2020ರ ಏಪ್ರಿಲಿನಿಂದ 2022ರ ಡಿಸೆಂಬರಿನವರೆಗೆ, ನಡುವಣ ಕೆಲವು ತಿಂಗಳು ಬಿಟ್ಟರೆ, ಪಡಿತರ ಚೀಟಿಯ ಕುಟುಂಬಗಳಿಗೆ ತಲೆಗೆ 5 ಕಿಲೋದಂತೆ ಉಚಿತ ಧಾನ್ಯ ಬಂದಿತು. ಒಲೆ ಆರದಂತೆ ಅದು ಕಾಯಿತು. ಆದರೆ ಎಣ್ಣೆಗೆ, ಔಷಧಕ್ಕೆ, ಮಕ್ಕಳ ಪಾಠಕ್ಕೆ ಬೇಕಾದ ಮೊಬೈಲಿಗೆ ದುಡ್ಡೇ ಬೇಕು. ಆ ದುಡ್ಡು ಎಷ್ಟೋ ಮನೆಗಳಲ್ಲಿ ಹೆಂಗಸರ ಕೊರಳಿನಿಂದ ಬಂದಿತು. ಚಿನ್ನದ ಬೆಲೆಯ ಶೇಕಡಾ 75ರ ಬದಲು 90ರವರೆಗೆ ಸಾಲ ಕೊಡಲು 2020ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಅನುಮತಿಯಿತ್ತಿತು. ಆ ಹೊತ್ತಿಗೆ ಅದು ಉಪಕಾರವೇ ಸರಿ. ಆದರೆ ಸಾಲ ಬೆಳೆದಷ್ಟೂ ಒಡವೆ ಬಿಡಿಸಿಕೊಳ್ಳುವ ದಿನ ದೂರವಾಗುತ್ತದೆ. ಕಂತು ಮುಂದೂಡಿದ 6 ತಿಂಗಳಲ್ಲಿಯೂ ಬಡ್ಡಿ ಬೆಳೆಯುತ್ತಲೇ ಇತ್ತು.

ಆದ್ದರಿಂದ ಬಡತನವನ್ನು ಇಂದಿನ ಕೂಲಿಯೊಂದರಿಂದಲೇ ಅಳೆಯುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಕೂಲಿ ಮರಳಿ ಬಂದ ಮನೆಗೆ ಮಾರಿದ ಹಸು ಮರಳಿರುವುದಿಲ್ಲ. 1ರಿಂದ 5ನೆಯ ತರಗತಿಯವರೆಗಿನ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷದ ಆ ಅಕ್ಷರನಷ್ಟ ಎಷ್ಟೆಂಬುದನ್ನು ಅಧ್ಯಾಪಕರಾದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

2020ರಲ್ಲಿ ಲೋಕದ ಸುಮಾರು 7 ಕೋಟಿ ಜನ ಹೊಸದಾಗಿ ಕಡುಬಡತನಕ್ಕೆ ಜಾರಿದರೆಂದು ವಿಶ್ವಬ್ಯಾಂಕು ಅಂದಾಜು ಮಾಡಿತು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದು ಊರಿನ ಒಂದು ಮನೆ ಕಾಣುವುದಿಲ್ಲ. ನೆರೆಯ ಕೇರಳವು ಸ್ಥಳೀಯ ಸಂಸ್ಥೆಗಳ ಮೂಲಕ 64,006 ಕಡುಬಡ ಕುಟುಂಬಗಳನ್ನು ಗುರುತಿಸಿ, ಅವುಗಳಿಗೆ ಮನೆಮನೆಯ ಅಗತ್ಯದಂತೆ ಯೋಜನೆ ಹಾಕಿತು. ನಮ್ಮ ಗ್ರಾಮ ಪಂಚಾಯತಿಗಳೂ ಮನೆಮನೆಗೆ ಹೋಗಿ ವಿಚಾರಿಸಲಿ: ಏನು ಮಾರಿದಿರಿ, ಏನು ಅಡವಿಟ್ಟಿರಿ, ಯಾವ ಮಗು ಶಾಲೆ ಬಿಟ್ಟಿತು? ಇನ್ನೊಂದು ಸಾಂಕ್ರಾಮಿಕ ಬರುವ ಮುನ್ನ ಈ ಲೆಕ್ಕ ನಮ್ಮ ಕೈಯಲ್ಲಿರಬೇಕು. ಬರಿದಾದ ಕುಡಿಕೆಗಳನ್ನು ತುಂಬುವ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.