ಸಮುದಾಯ ಆರೋಗ್ಯದ ಉನ್ನತ ವ್ಯಾಸಂಗ: ದಾನಿಗಳಲ್ಲಿ ಒಂದು ಅರಿಕೆ

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ" ಎಂಬುದು ನಮ್ಮ ನಾಡಿನಲ್ಲಿ ಮನೆಮಾತಾಗಿರುವ ಗಾದೆ. ಇವೆರಡೂ ಹೀಗೆ ಕೂಡಿಬರುವ ಭಾಗ್ಯವು ಒಬ್ಬ ರೋಗಿಗೆ ಯಾವಾಗಲೋ ಒಮ್ಮೆ ಒದಗೀತು. ಒಂದು ಊರಿಗೆ, ಒಂದು ನಾಡಿಗೆ ಅದು ತಾನಾಗಿ ಒದಗುವುದಿಲ್ಲ. ಜನರು ಬಯಸುವುದೇನು, ವೈದ್ಯಶಾಸ್ತ್ರ ಹೇಳುವುದೇನು, ಇವೆರಡಕ್ಕೂ ಇರುವ ಅಂತರವೆಷ್ಟು, ಅದನ್ನು ಕಳೆಯುವ ಬಗೆ ಯಾವುದು ಎಂಬುದನ್ನೇ ವಿಷಯವಾಗಿ ಉಳ್ಳ ವಿದ್ಯೆಯೊಂದು ಇಂದು ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ಮಟ್ಟದ ವ್ಯಾಸಂಗವಾಗಿ ನಡೆದಿದೆ. ಸಾರ್ವಜನಿಕ ಆರೋಗ್ಯಶಾಸ್ತ್ರವೆಂದು ಅದರ ಹೆಸರು. ಜನಸಮುದಾಯವನ್ನೂ ಜನರ ನಡವಳಿಕೆಯನ್ನೂ ಕುರಿತದ್ದು ಅದರ ಒಂದು ಮುಖ್ಯ ಶಾಖೆ. ವೈದ್ಯನೂ ಅಲ್ಲದ, ಸಂಖ್ಯಾಶಾಸ್ತ್ರಜ್ಞನೂ ಅಲ್ಲದ ಕನ್ನಡ ಪಂಡಿತನೊಬ್ಬನು ಇದನ್ನು ಕುರಿತು ಬರೆಯಲು ಹೊರಟಿರುವುದಕ್ಕೆ ಕಾರಣವುಂಟು. ಅದು ನನ್ನದೇ ಒಂದು ತಪ್ಪು. ಅದನ್ನು ಮೊದಲು ಒಪ್ಪಿಕೊಂಡು ಮುಂದುವರಿಯುತ್ತೇನೆ.

ಕೆಲವು ವರ್ಷಗಳ ಹಿಂದೆ, ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿ, ಪ್ರಸಾದನಿಲಯದ ಅನ್ನವನ್ನುಂಡು ಬೆಳೆದು, ಮುಂದೆ ನರ್ಸಿಂಗ್ ಪದವಿಯನ್ನು ಪಡೆದ ವಿದ್ಯಾರ್ಥಿನಿಯೊಬ್ಬಳು ಈ ಶಾಸ್ತ್ರದ ಎರಡು ವರ್ಷಗಳ ವ್ಯಾಸಂಗಕ್ಕೆ ಪ್ರವೇಶ ದೊರಕಿಸಿಕೊಂಡು, ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ಸಹಾಯವನ್ನು ಕೋರಿದ್ದಳು. ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ. ವೈದ್ಯಕೀಯಕ್ಕೆ ಸಹಾಯವುಂಟು, ಎಂಜಿನಿಯರಿಂಗಿಗೆ ಉಂಟು. ಇದು ಎರಡರ ಪಟ್ಟಿಯಲ್ಲಿಯೂ ಇಲ್ಲವೆಂದು ಒಬ್ಬರು ಹೇಳಿದರು. ನಾನು ಅಷ್ಟಕ್ಕೇ ಸುಮ್ಮನಿರದೆ, "ಏನಮ್ಮಾ, ಜನರಿಗೆ ಕೈ ತೊಳೆದುಕೊಳ್ಳಿರಿ ಎಂದು ಹೇಳುವುದಕ್ಕೆ ಎರಡು ವರ್ಷ ಓದಬೇಕೆ?" ಎಂದು ಕೇಳಿದೆ. ಎಲ್ಲರೂ ನಕ್ಕರು. ಆಕೆ "ಹಾಗಲ್ಲ, ಗುರುಗಳೇ" ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಅರ್ಜಿ ತಿರಸ್ಕೃತವಾಯಿತು. ತಾಯಿಯ ಓಲೆಗಳು ಅಡವಿಗೆ ಹೋದವೆಂದೂ, ಉಳಿದುದಕ್ಕೆ ಬ್ಯಾಂಕಿನ ಸಾಲವಾಯಿತೆಂದೂ ಆಮೇಲೆ ತಿಳಿಯಿತು. ಅಂದು ಹಾಸ್ಯಕ್ಕಾಗಿ ಕೇಳಿದ ಆ ಪ್ರಶ್ನೆಗೆ ಇಂದು ಉತ್ತರವನ್ನು ನಾನೇ ಕೊಡಬೇಕಾಗಿದೆ.

ವೈದ್ಯನು ತನ್ನ ಎದುರಿಗೆ ಬಂದು ಕುಳಿತ ಒಬ್ಬನನ್ನು ನೋಡುತ್ತಾನೆ. ಈ ಶಾಸ್ತ್ರವು ಊರನ್ನೇ ನೋಡುತ್ತದೆ. ಬಂದವರನ್ನಲ್ಲದೆ ಬಾರದವರನ್ನೂ ನೋಡುತ್ತದೆ. 1854ರಲ್ಲಿ ಲಂಡನ್ ನಗರದಲ್ಲಿ ಕಾಲರಾ ಹರಡಿದಾಗ ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ, ಅವರೆಲ್ಲ ಎಲ್ಲಿಯ ನೀರನ್ನು ಕುಡಿಯುತ್ತಿದ್ದರೆಂದು ಮನೆಮನೆಗೆ ಹೋಗಿ ವಿಚಾರಿಸಿ, ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ಮೇಲೆ ಬೆರಳಿಟ್ಟು ತೋರಿಸಿದನು. ರೋಗಾಣುವು ಇನ್ನೂ ಪಂಡಿತಮಾನ್ಯವಾಗಿರದ ಕಾಲದಲ್ಲಿ, ಕೇಳುವುದರಿಂದಲೂ ಎಣಿಸುವುದರಿಂದಲೂ ಸಿಕ್ಕ ಸತ್ಯವದು. ಈ ವಿದ್ಯೆಗಾಗಿಯೇ 1916ರಲ್ಲಿ ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರತ್ಯೇಕ ಶಾಲೆ ಹುಟ್ಟಿತು; ನಮ್ಮ ದೇಶದಲ್ಲಿ 1932ರಲ್ಲಿ ಕಲ್ಕತ್ತೆಯಲ್ಲಿ ಅಖಿಲ ಭಾರತ ಆರೋಗ್ಯಶಾಸ್ತ್ರ ಸಂಸ್ಥೆ ಸ್ಥಾಪಿತವಾಯಿತು. ರೋಗವು ಹರಡುವ ರೀತಿ, ಸಂಖ್ಯಾಶಾಸ್ತ್ರ, ನೀರು ಗಾಳಿಗಳ ಪರಿಸರ, ಆಡಳಿತ, ಜನರ ನಡವಳಿಕೆ ಎಂಬ ಐದು ಅಂಗಗಳು ಈ ವ್ಯಾಸಂಗಕ್ಕೆ ಮೂಲಾಧಾರ. ಇವುಗಳಲ್ಲಿ ಐದನೆಯದೇ ಪ್ರಕೃತ ವಿಷಯ.

ನಡವಳಿಕೆಯ ಅಧ್ಯಯನಕ್ಕೆ ಅಮೆರಿಕೆಯಲ್ಲಿ ಪ್ರೇರಣೆಯಾದುದು ಒಂದು ಸರಳವಾದ ಸೋಜಿಗ. ಕ್ಷಯರೋಗವನ್ನು ಕಂಡುಹಿಡಿಯಲು ಅಲ್ಲಿಯ ಸರ್ಕಾರವು ಎದೆಯ ಕ್ಷ-ಕಿರಣ ಪರೀಕ್ಷೆಯನ್ನು ಜನರ ಬಳಿಗೇ ಒಯ್ದರೂ ಅನೇಕರು ಬರಲಿಲ್ಲ. 1950ರ ದಶಕದಲ್ಲಿ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರು ಇದೇಕೆಂದು ವಿಚಾರ ಮಾಡಿದರು. ಈ ರೋಗ ನನಗೂ ಬಂದೀತೆ, ಬಂದರೆ ಎಷ್ಟು ಕೇಡು, ಪರೀಕ್ಷೆಯಿಂದ ಲಾಭವೇನು, ಅದಕ್ಕಿರುವ ಅಡ್ಡಿಗಳೇನು ಎಂಬ ನಾಲ್ಕು ಲೆಕ್ಕಗಳನ್ನು ಮನುಷ್ಯನು ಮನಸ್ಸಿನಲ್ಲಿಯೇ ಹಾಕಿ ನಡೆಯುತ್ತಾನೆಂದು ಅವರು ನಿರೂಪಿಸಿದರು. ಆರೋಗ್ಯ ನಂಬಿಕೆಯ ಮಾದರಿಯೆಂದು ಇದು ಪ್ರಸಿದ್ಧವಾಯಿತು.

ಇದನ್ನೋದಿದಾಗ ಸಂಸ್ಕೃತಾಭ್ಯಾಸವುಳ್ಳವರಿಗೆ ಚರಕಸಂಹಿತೆಯ ವಿಮಾನಸ್ಥಾನದಲ್ಲಿರುವ ಜನಪದೋದ್ಧ್ವಂಸನೀಯವೆಂಬ ಅಧ್ಯಾಯವು ನೆನಪಾಗದಿರದು. ಬೇರೆ ಬೇರೆ ಪ್ರಕೃತಿಯ ಜನರು ಒಂದೇ ಕಾಲದಲ್ಲಿ ಒಂದೇ ರೋಗದಿಂದ ಏಕೆ ನಾಶವಾಗುತ್ತಾರೆಂಬ ಪ್ರಶ್ನೆಯನ್ನೆತ್ತಿ, ವಾಯು, ಉದಕ, ದೇಶ, ಕಾಲ ಎಂಬ ನಾಲ್ಕರ ಕೆಡುವಿಕೆಯನ್ನು ಅಲ್ಲಿ ಕಾರಣವಾಗಿ ಹೇಳಿದೆ. ಅದಕ್ಕೂ ಮೂಲವಾಗಿ ಪ್ರಜ್ಞಾಪರಾಧವನ್ನು, ಎಂದರೆ ಬುದ್ಧಿಯ ತಪ್ಪನ್ನು, ಹೇಳಿದೆ. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಬೆನ್ನು ತಟ್ಟಿಕೊಳ್ಳುವುದು ನನ್ನ ಉದ್ದೇಶವಲ್ಲ. ನಾನು ಕೇಳಬೇಕೆಂದಿರುವುದು ಬೇರೆ: ಆ ಬುದ್ಧಿಯ ತಪ್ಪು ಯಾರದು? ಓದಿದವರಾದ ನಾವು ಈ ಪ್ರಶ್ನೆಗೆ ತಡಮಾಡದೆ ಉತ್ತರ ಕೊಡುತ್ತೇವೆ: ಹಳ್ಳಿಯವರದು, ಅಜ್ಞಾನಿಗಳದು, ಹೇಳಿದರೂ ಕೇಳದವರದು. ಕೈ ತೊಳೆಯುವ ಮಾತನ್ನಾಡಿದಾಗ ನನ್ನ ಮನಸ್ಸಿನಲ್ಲಿದ್ದುದೂ ಈ ಉತ್ತರವೇ.

ಈ ಉತ್ತರ ಸರಿಯೆ ಎಂಬುದನ್ನು ಪರೀಕ್ಷಿಸಿದ ಒಂದು ಅಧ್ಯಯನವು ನಮ್ಮ ನಾಡಿನಲ್ಲಿಯೇ, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆಯಿತೆಂಬುದು ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿದ್ದ ದೇವಬರ ಬ್ಯಾನರ್ಜಿ ಎಂಬ ವೈದ್ಯರೂ ಸಮಾಜವಿಜ್ಞಾನಿಯೂ ಆದ ವಿದ್ವಾಂಸರು, ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಅವರೊಡಗೂಡಿ, ಕ್ಷಯರೋಗವಿದ್ದವರನ್ನು ಅವರವರ ಊರುಗಳಲ್ಲಿಯೇ ಕಂಡು, ತಮ್ಮ ಶರೀರದಲ್ಲಿ ಆಗುತ್ತಿರುವುದರ ಅರಿವು ಅವರಿಗೆಷ್ಟಿದೆ, ಅದಕ್ಕಾಗಿ ಅವರು ಮಾಡಿದ್ದೇನು ಎಂಬುದನ್ನು ಸಂಗ್ರಹಿಸಿದರು. 1963ರಲ್ಲಿ ಪ್ರಕಟವಾದ ಅದರ ಫಲಿತಾಂಶವು ವಿದ್ಯಾವಂತರ ಗರ್ವವನ್ನು ಇಳಿಸುವಂಥದು. ಸಾಂಕ್ರಾಮಿಕ ಸ್ಥಿತಿಯಲ್ಲಿದ್ದ ರೋಗಿಗಳಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು. ನೂರಕ್ಕೆ 70ಕ್ಕೂ ಮಿಕ್ಕಿದ ಜನ ಅದರಿಂದ ಚಿಂತೆಗೊಳಗಾಗಿದ್ದರು. ಅರ್ಧಕ್ಕೂ ಹೆಚ್ಚು ಮಂದಿ ಆಸ್ಪತ್ರೆಗೂ ಹೋಗಿದ್ದರು. ಹೋದವರಿಗೆ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧದ ಒಂದು ಬಾಟಲಿ! ಕಫವನ್ನು ಪರೀಕ್ಷೆ ಮಾಡಲಿಲ್ಲ. ಬಾಟಲಿಯನ್ನು ಕೈಗಿತ್ತು ಕಳುಹಿಸಿದರು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಬೇಡುತ್ತೇನೆ. ಅಮೆರಿಕೆಯವರ ಪ್ರಶ್ನೆ "ಜನರು ಏಕೆ ಬರುವುದಿಲ್ಲ?" ಎಂಬುದು. ಅದನ್ನೇ ಹಾಗೆಯೇ ತಂದು ಇಲ್ಲಿ ಕೇಳಿದ್ದರೆ, ಹಳ್ಳಿಯವರಿಗೆ ತಿಳಿವಳಿಕೆ ಹೇಳುವ ಭಾಷಣಗಳನ್ನೂ ಭಿತ್ತಿಪತ್ರಗಳನ್ನೂ ಏರ್ಪಡಿಸಿ ಕೈ ತೊಳೆದುಕೊಳ್ಳುತ್ತಿದ್ದೆವು. ತುಮಕೂರಿನ ಹಳ್ಳಿಗಳು ಕೊಟ್ಟ ಉತ್ತರವೇ ಬೇರೆ: ಜನರು ಬಂದಿದ್ದರು, ನಾವು ನೋಡಲಿಲ್ಲ. ಪ್ರಜ್ಞಾಪರಾಧವು ಕೆಮ್ಮಿದವನದಲ್ಲ, ಬಾಟಲಿ ಕೊಟ್ಟವನದು. ಈ ಅಧ್ಯಯನದ ಬೆಳಕಿನಲ್ಲಿ, ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಪರೀಕ್ಷಿಸಬೇಕೆಂಬ ತತ್ತ್ವವು 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದಲ್ಲಿ ಸ್ಥಾನ ಪಡೆಯಿತು. ಬ್ಯಾನರ್ಜಿಯವರು ಮುಂದೆ 1970ರ ದಶಕದಲ್ಲಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಸಾಮಾಜಿಕ ವೈದ್ಯ ಹಾಗೂ ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿ, ಈ ಬಗೆಯ ಅಧ್ಯಯನವನ್ನು ಬೋಧನೆಗೆ ಅಳವಡಿಸಿದರು. ಸರಿಯಾದ ಪ್ರಶ್ನೆಯನ್ನು ಸರಿಯಾದವರಲ್ಲಿ ಕೇಳಬಲ್ಲವರನ್ನು ತಯಾರುಮಾಡುವುದಕ್ಕೆ ಎರಡು ವರ್ಷವಲ್ಲ, ನಾಲ್ಕು ವರ್ಷ ಬೇಕೆಂದರೂ ಅದು ಹೆಚ್ಚಲ್ಲ.

ಪ್ರಶ್ನೆ ಕೇಳುವ ಕಷ್ಟ ನನ್ನ ಅನುಭವಕ್ಕೂ ಬಂದಿತು. ನಮ್ಮಿಂದ ತಿರಸ್ಕೃತಳಾದ ಆ ವಿದ್ಯಾರ್ಥಿನಿಯೇ, ಮನಸ್ಸಿನಲ್ಲಿ ಯಾವ ಕಹಿಯನ್ನೂ ಇಟ್ಟುಕೊಳ್ಳದೆ, ತನ್ನ ಪ್ರಬಂಧಕ್ಕೆ ಬೇಕಾದ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಿಸಿಕೊಡಬೇಕೆಂದು ನನ್ನಲ್ಲಿಗೆ ಬಂದಳು. ನಾನು ಮೂವತ್ತು ವರ್ಷಗಳ ವ್ಯಾಕರಣಜ್ಞಾನವನ್ನೆಲ್ಲ ಸುರಿದು, "ಗತ ಪಕ್ಷದಲ್ಲಿ ತಮ್ಮ ಶಿಶುವಿಗೆ ಅತಿಸಾರ ಸಂಭವಿಸಿತ್ತೆ?" ಎಂದು ಬರೆದುಕೊಟ್ಟೆ. ಹದಿನೈದು ದಿನಗಳ ಮೇಲೆ ಆಕೆ ನಗುವನ್ನು ಅಡಗಿಸಿಕೊಂಡು ಹಿಂತಿರುಗಿದಳು. ಹಳ್ಳಿಯ ಅಜ್ಜಿಯೊಬ್ಬಳು ಆ ಪ್ರಶ್ನೆಗೆ, "ಅತಿಯಾಗಿ ಸಾರು ಎಲ್ಲಿಂದ ಬರಬೇಕವ್ವಾ, ಎರಡು ಹೊತ್ತೂ ಮಜ್ಜಿಗೆಯೇ" ಎಂದು ಉತ್ತರ ಹೇಳಿದ್ದಳಂತೆ! "ಗುರುಗಳೇ, ಭೇದಿ ಅಂತ ಬರೆಯೋಣವೇ? ಮೂರು ಸಲಕ್ಕೆ ಕಡಿಮೆಯಿಲ್ಲದೆ ನೀರಾಗಿ ಹೋಯಿತೇ ಅಂತ ಬಿಡಿಸಿ ಕೇಳಬೇಕು" ಎಂದಳು. ತಿದ್ದಿದೆವು. ಆಮೇಲೆ ಆ ಕನ್ನಡವನ್ನು ಮೂಲವನ್ನು ನೋಡದ ಬೇರೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸಿ ನೋಡಿದರು. ಅರ್ಥ ಎಲ್ಲೆಲ್ಲಿ ಸೋರಿದೆಯೆಂಬುದು ಆಗ ಕಾಣುತ್ತದೆ. ಟೀಕೆ ಟಿಪ್ಪಣಿಗಳನ್ನು ಓದಿ ಬೆಳೆದ ನನಗೆ ಪಾಠಶುದ್ಧಿಯ ಈ ಕ್ರಮ ಹೊಸದಾಗಿ ತೋರಿತು.

ಇನ್ನೊಂದು ಪ್ರಶ್ನೆಯೂ ಇತ್ತು. "ಶುಚಿತ್ವದ ಮಹತ್ತ್ವವನ್ನರಿತ ತಾವು ಭೋಜನಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವಿರಲ್ಲವೆ?" ಎಂದು ನಾನು ಬರೆದಿದ್ದೆ. ಹಾಗೆ ಕೇಳಿದರೆ ಇಲ್ಲವೆನ್ನುವವರಾರು? ಎಲ್ಲರೂ ಹೌದೆಂದರಂತೆ. ಅದನ್ನು ಹೊಡೆದುಹಾಕಿ, ಮನೆಯಲ್ಲಿ ಸಾಬೂನು ಎಲ್ಲಿದೆ, ನೀರಿನ ಕೊಡ ಎಲ್ಲಿದೆ, ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಅದನ್ನು ಹೊತ್ತು ತರುವವರಾರು ಎಂಬುದನ್ನು ಆಕೆ ಕಣ್ಣಾರೆ ನೋಡಿ ಬರೆದುಕೊಂಡಳು. ಕೆಲವು ಮನೆಗಳಲ್ಲಿ ಕುಡಿಯುವುದಕ್ಕೇ ನೀರನ್ನು ಅಳೆದು ಇಟ್ಟಿದ್ದರಂತೆ. ಕೈ ತೊಳೆದುಕೊಳ್ಳಿರಿ ಎಂದು ಹೇಳುವುದಕ್ಕೆ ಎರಡು ವರ್ಷ ಬೇಕಾಗಿಲ್ಲ, ನಿಜ. ತೊಳೆಯದಿರುವುದಕ್ಕೆ ಕಾರಣವೇನೆಂದು ತಿಳಿಯುವುದಕ್ಕೆ ಬೇಕು.

ಮಾನ್ಯ ದಾನಿಗಳು ಕೇಳಬಹುದಾದ ಎರಡು ಪ್ರಶ್ನೆಗಳು ಉಳಿದಿವೆ. ಇದಕ್ಕೆ ಉದ್ಯೋಗವುಂಟೆ? ಉಂಟು, ಆದರೆ ವೈದ್ಯನ ಸಂಪಾದನೆ ಇದರಲ್ಲಿಲ್ಲ, ಸರ್ಕಾರದಲ್ಲಿ ಇದಕ್ಕೆಂದೇ ಇರುವ ಹುದ್ದೆಗಳೂ ಬೇಕಾದಷ್ಟಿಲ್ಲ. ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃಂದವನ್ನು ರಚಿಸುವಂತೆ ಕೇಂದ್ರ ಸರ್ಕಾರವು 2022ರಲ್ಲಿ ರಾಜ್ಯಗಳಿಗೆ ಮಾರ್ಗಸೂಚಿಯನ್ನು ನೀಡಿತು. ಸಂಪಾದನೆ ಕಡಿಮೆಯಾದುದರಿಂದಲೇ ಬಡವರ ಮಕ್ಕಳು ಸಾಲದ ಭಯದಿಂದ ಈ ಹಾದಿಗೆ ಬರಲು ಹಿಂಜರಿಯುತ್ತಾರೆ. ಅವರು ಬಾರದಿದ್ದರೆ ಹಳ್ಳಿಯ ಮಾತು ಬಲ್ಲವರೇ ಈ ವಿದ್ಯೆಯಲ್ಲಿ ಇಲ್ಲವಾಗುತ್ತಾರೆ; ಪ್ರಶ್ನಾವಳಿಗಳೆಲ್ಲ ನನ್ನ ಅತಿಸಾರದ ಗತಿಗೇ ಬರುತ್ತವೆ. ದಾನಕ್ಕೆ ಪಾತ್ರವನ್ನು ನೋಡಬೇಕೆನ್ನುತ್ತಾರೆ. ಇದಕ್ಕಿಂತ ಪಾತ್ರವಾದ ಸ್ಥಳ ಯಾವುದು?

ಇಂಥ ವ್ಯಾಸಂಗ ದೂರದ ದೇಶದಲ್ಲಿ ಮಾತ್ರವೆ? ಅಲ್ಲ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರವು 1997ರಲ್ಲಿಯೇ ಇದರ ಸ್ನಾತಕೋತ್ತರ ಪದವಿಯನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿಯೂ ಮಣಿಪಾಲ, ಬೆಂಗಳೂರು ಮೊದಲಾದೆಡೆಗಳಲ್ಲಿ ಅದು ನಡೆಯುತ್ತಿದೆ. ವೈದ್ಯರಿಗಷ್ಟೇ ಮೀಸಲಾಗದೆ ಇತರ ಪದವೀಧರರಿಗೂ ಪ್ರವೇಶವಿರುವ ಸಂಸ್ಥೆಗಳುಂಟು. ಇದರಿಂದ ಊರಿಗೇನು ಫಲವೆನ್ನುವವರು ನಮ್ಮ ನೆರೆಯ ಮಹಾರಾಷ್ಟ್ರದ ಜಾಮಖೇಡವನ್ನು ನೋಡಬೇಕು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಈ ವಿದ್ಯೆಯನ್ನು ಕಲಿತ ರಜನಿಕಾಂತ ಮತ್ತು ಮೇಬಲ್ ಆರೋಳೆ ಎಂಬ ವೈದ್ಯ ದಂಪತಿಗಳು 1970ರಲ್ಲಿ ಆ ಬರದ ಸೀಮೆಗೆ ಬಂದು, ಅಕ್ಷರ ಬಾರದ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಸೇವಕಿಯರನ್ನಾಗಿ ತಯಾರು ಮಾಡಿದರು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯರೂ ಊರಿನವರೇ ಊರಿನ ಆರೋಗ್ಯಕ್ಕೆ ನಿಲ್ಲಬೇಕೆಂಬ ಇದೇ ತತ್ತ್ವದವರು. 2020ರ ಮಹಾಮಾರಿಯಲ್ಲಿ ಅವರು ಮನೆಬಾಗಿಲಲ್ಲಿ ನಿಂತು ಅನುಮಾನದ ಮಾತುಗಳನ್ನು ಕೇಳಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅವರ ಹಿಂದೆ ನಿಂತು ದಾರಿ ತೋರಬಲ್ಲ ಶಾಸ್ತ್ರಜ್ಞರು ಪ್ರತಿ ತಾಲ್ಲೂಕಿಗೂ ಬೇಕಾಗಿದ್ದಾರೆ.

ಆದುದರಿಂದ ನನ್ನ ಅರಿಕೆ ಇಷ್ಟೆ. ವೈದ್ಯಕೀಯಕ್ಕೂ ಎಂಜಿನಿಯರಿಂಗಿಗೂ ಕೊಡುತ್ತಿರುವ ಸಹಾಯದಲ್ಲಿ ಒಂದು ಕಾಸನ್ನೂ ಕಡಿಮೆ ಮಾಡಬೇಕಾಗಿಲ್ಲ. ನಿಧಿಯ ನಿಯಮದಲ್ಲಿ ಒಂದು ಸಾಲನ್ನು ಸೇರಿಸಿ, ಸಾರ್ವಜನಿಕ ಆರೋಗ್ಯಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ವರ್ಷಕ್ಕೆ ಒಬ್ಬರಿಗೆ, ಕ್ಷೇತ್ರಕಾರ್ಯದ ವೆಚ್ಚವೂ ಸೇರಿದಂತೆ, ಸಹಾಯ ದೊರೆಯುವಂತಾಗಲಿ. ಕನ್ನಡದ ಉಪಾಧ್ಯಾಯರಾದ ನಾವು ಅಂಥವರ ಪ್ರಶ್ನಾವಳಿಗಳನ್ನು ಊರಿನ ನುಡಿಗೆ ತರುವ ಕೆಲಸವನ್ನು ಪ್ರತಿಫಲವಿಲ್ಲದೆ ಮಾಡಿಕೊಡೋಣ. ನನ್ನ ಒಂದು ತಿಂಗಳ ಸಂಬಳವನ್ನು ಈ ಬಾಬಿಗೆಂದು ಕಾರ್ಯಾಲಯಕ್ಕೆ ಸಲ್ಲಿಸಿದ್ದೇನೆ. ಅದು ಔದಾರ್ಯವೆಂದು ಯಾರೂ ಭಾವಿಸಬಾರದು. ಅಡವಿಗೆ ಹೋದ ಆ ಓಲೆಗಳ ಲೆಕ್ಕದಲ್ಲಿ ನಾನು ತೀರಿಸಬೇಕಾಗಿರುವ ಬಾಕಿ ಅದು.