ನಮ್ಮೂರ ಹೆಸರಿನ ಹಾಳ್

"ನಿಮ್ಮೂರು ಹಾಳಾಗಿ ಎಷ್ಟು ವರ್ಷವಾಯ್ತು ಸ್ವಾಮಿ?" ಬೊಮ್ಮನಹಾಳ್ ಎಂದೊಡನೆ ಹೀಗೆ ಕೇಳಿ ನಗುವವರುಂಟು. ನಗುವವರು ಕನ್ನಡಿಗರೇ ಆದಾಗ ನಾನು ಸುಮ್ಮನಿರಲಾರೆ.

ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು. ಪಾಲ್ ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪಾೞ್ ಹಾಳಾಯಿತು. ಮಲಯಾಳದಲ್ಲಿ ಪಾಲ್, ಪಾೞ್ ಇಂದಿಗೂ ಹಾಗೆಯೇ ಇವೆ. ಪಾೞ್ ಎಂದರೆ ಪಾಳುಬಿದ್ದದ್ದು, ನಿಜ. ನಮ್ಮೂರ ಹಾಳ್ ಅದೇ ಎಂದಿಟ್ಟುಕೊಂಡರೂ ನಾಚಿಕೆಯೇನು? ಬೀಳುನೆಲವನ್ನು ಹಸನು ಮಾಡಿ ಊರು ಕಟ್ಟಿದವರ ನೆನಪು ಅದೆಂದು ನಾನು ಓದುತ್ತೇನೆ. ನೆರೆಯಲ್ಲೇ ಡಿ. ಹಿರೇಹಾಳ್ ಇದೆ. ಬರೀ ಹಾಳಿಗೆ 'ಹಿರೇ' ಎಂಬ ಮರ್ಯಾದೆ ಯಾರು ಕೊಡುತ್ತಾರೆ? ಬರ್ಮಿಂಗ್‌ಹ್ಯಾಮ್‌ನ 'ಹ್ಯಾಮ್' ಹಂದಿಮಾಂಸವಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಮನೆ, ಊರು.

ನಿಜವಾದ ಹಾಳು ಬೇರೆಡೆ ಇದೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಆಂಧ್ರಕ್ಕೆ ಸೇರಿತು. ಗಡಿ ಸರಿದರೂ ಹೆಸರು ಉಳಿಯಿತು. ಈಗ ಇಂಗ್ಲಿಷಿನ ಒಂದೇ 'ಎಲ್' ಅಕ್ಷರ ನಮ್ಮ ಳಕಾರವನ್ನು ನುಂಗುತ್ತಿದೆ. ತೆಲುಗಿನಲ್ಲಿ ಳಕಾರವಿದೆ, ಮಲಯಾಳದಲ್ಲೂ ಇದೆ; ಬರೆಯಲು ಅಡ್ಡಿಯೇನು? ನಮ್ಮ ಮನೆಯ ಲಗ್ನಪತ್ರಿಕೆಯಲ್ಲೇ 'ಬೊಮ್ಮನಹಾಲ್' ಎಂದು ಅಚ್ಚಾಗಿತ್ತು. ಕರಡು ನೋಡಿದವನು ನಾನೇ!

ಕಾಸರಗೋಡಿನ ಬಂಧುಗಳೇ, ಊರ ಹೆಸರಿನ ಸಂಕಟ ನಿಮಗೆ ಹೊಸದಲ್ಲ. ಸರ್ಕಾರಕ್ಕೆ ಅರ್ಜಿ ಬರೆಯೋಣ. ಅದಕ್ಕೆ ಮೊದಲು ನಮ್ಮ ಮಕ್ಕಳಿಂದ ಊರ ಹೆಸರನ್ನು ಕನ್ನಡದಲ್ಲಿ ಒಮ್ಮೆ ತಪ್ಪಿಲ್ಲದೆ ಬರೆಸೋಣ.